ಗರ್ಭಕೋಶದ ಒಳಪದರ, ರೋಗನಿರೋಧಕ ವ್ಯವಸ್ಥೆ ಮತ್ತು ಬಸಿರಿನ ತೊಡಕುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಮೂರು ಸಲ ಬಸಿರು ನಿಲ್ಲದೆ ಹೋದವರು, ಏಳನೆಯ ತಿಂಗಳಲ್ಲಿ ರಕ್ತದೊತ್ತಡ ಏರಿ ಆಸ್ಪತ್ರೆ ಸೇರಿದವರು ಆಗಾಗ ಕೇಳಬೇಕಾಗುವ ಮಾತೊಂದಿದೆ: “ನಿಮ್ಮ ದೇಹ ಮಗುವನ್ನು ಒಪ್ಪುತ್ತಿಲ್ಲ.” ನೊಂದವರನ್ನು ಈ ಮಾತು ಇನ್ನಷ್ಟು ನೋಯಿಸುತ್ತದೆ. ವಿಜ್ಞಾನದ ಲೆಕ್ಕದಲ್ಲೂ ಇದು ಬಹುಪಾಲು ತಪ್ಪು. ಗರ್ಭಕೋಶದ ಒಳಪದರದಲ್ಲಿರುವ ರೋಗನಿರೋಧಕ ಜೀವಕೋಶಗಳು ಬಸಿರನ್ನು ಕಟ್ಟುವ ಕೆಲಸದಲ್ಲಿ ತೊಡಗಿರುತ್ತವೆ. ತೊಡಕುಗಳು ಬಹಳ ಸಲ ಹುಟ್ಟುವುದು ಆ ಕೆಲಸ ಅರ್ಧಕ್ಕೆ ನಿಂತಾಗ. ಕೆಳಗಿನ ಉತ್ತರಗಳೆಲ್ಲ ಈ ತಿಳಿವಳಿಕೆಯಿಂದಲೇ ಹೊರಡುತ್ತವೆ. ಚಿಕಿತ್ಸೆಯ ತೀರ್ಮಾನವನ್ನು ಮಾತ್ರ ನಿಮ್ಮನ್ನು ನೋಡುತ್ತಿರುವ ವೈದ್ಯರೊಂದಿಗೆ ಕುಳಿತೇ ಮಾಡಬೇಕು.

ಬಸಿರಾದಾಗ ಗರ್ಭಕೋಶದ ಒಳಪದರದಲ್ಲಿ ಏನಾಗುತ್ತದೆ?

ಬಸಿರಾಗುವ ಮೊದಲೇ ತಯಾರಿ ಶುರುವಾಗಿರುತ್ತದೆ. ಪ್ರತಿ ತಿಂಗಳು ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಹಾರ್ಮೋನು ಏರುತ್ತದೆ. ಆಗ ಒಳಪದರದ ಜೀವಕೋಶಗಳು ಉಬ್ಬಿ, ಪೋಷಕಾಂಶಗಳನ್ನು ತುಂಬಿಕೊಂಡು, ಬೇರೆಯದೇ ರೂಪ ತಾಳುತ್ತವೆ. ಹೀಗೆ ಬದಲಾದ ಪದರಕ್ಕೆ ವೈದ್ಯರು ಡೆಸಿಡುವಾ ಎನ್ನುತ್ತಾರೆ. ಭ್ರೂಣ ಬರದಿದ್ದರೆ ಅದು ಮುಟ್ಟಿನಲ್ಲಿ ಕಳಚಿಹೋಗುತ್ತದೆ, ಬಂದರೆ ಉಳಿದು ಇನ್ನೂ ದಪ್ಪವಾಗುತ್ತದೆ.

ಇದೇ ಹೊತ್ತಿನಲ್ಲಿ ಅಲ್ಲಿ ಬಿಳಿ ರಕ್ತಕಣಗಳೂ ಜಮಾಯಿಸುತ್ತವೆ. ಮೊದಲ ಮೂರು ತಿಂಗಳಲ್ಲಿ ಈ ಪದರದ ಬಿಳಿ ರಕ್ತಕಣಗಳಲ್ಲಿ ಸುಮಾರು 70 ಶೇಕಡ ನ್ಯಾಚುರಲ್ ಕಿಲ್ಲರ್ ಎಂಬ ಗುಂಪಿನವು. ಇವನ್ನು ಚಿಕ್ಕದಾಗಿ ಎನ್‌ಕೆ ಕೋಶ ಎನ್ನುತ್ತಾರೆ. ಸುಮಾರು ಐದರಲ್ಲಿ ಒಂದು ಪಾಲು ಮ್ಯಾಕ್ರೊಫೇಜ್‌ಗಳು, ಅಂದರೆ ಕಸವನ್ನು ನುಂಗಿ ಅಂಗಾಂಶವನ್ನು ದುರಸ್ತಿ ಮಾಡುವ ಭಕ್ಷಕ ಕೋಶಗಳು. ಉಳಿದವುಗಳಲ್ಲಿ ಹೊರಗಿನ ಗುರುತುಗಳನ್ನು ಪತ್ತೆಹಚ್ಚುವ ಟಿ ಕೋಶಗಳು ಮುಖ್ಯ. ಪ್ರತಿಕಾಯ ತಯಾರಿಸುವ ಬಿ ಕೋಶಗಳು ಬಹಳ ವಿರಳ. ರೋಗನಿರೋಧಕ ವ್ಯವಸ್ಥೆ ಬಸಿರಿನಲ್ಲಿ ನಿದ್ದೆ ಹೋಗುತ್ತದೆ ಎಂದು ನಂಬುವವರು ಈ ಜನಸಂದಣಿಯನ್ನು ಒಮ್ಮೆ ಗಮನಿಸಬೇಕು.

ಮಗುವಿನಲ್ಲಿ ಅರ್ಧ ತಂದೆಯ ಅಂಶ. ಬೇರೆಯವರ ಮೂತ್ರಪಿಂಡವನ್ನು ತಿರಸ್ಕರಿಸುವ ದೇಹ ಮಗುವನ್ನು ಹೇಗೆ ಇಟ್ಟುಕೊಳ್ಳುತ್ತದೆ?

ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದವರು ಬ್ರಿಟನ್ನಿನ ಪೀಟರ್ ಮೆಡಾವರ್, 1953ರಲ್ಲಿ. ಅಂಗಾಂಶ ಕಸಿಯ ಸಂಶೋಧನೆಗಾಗಿ 1960ರಲ್ಲಿ ನೊಬೆಲ್ ಹಂಚಿಕೊಂಡ ವಿಜ್ಞಾನಿ ಅವರು. ಅವರು ಮೂರು ಉತ್ತರಗಳನ್ನು ಮುಂದಿಟ್ಟರು: ತಾಯಿ ಮಗುವಿನ ನಡುವೆ ಗೋಡೆ ಇರಬಹುದು, ಮಗುವಿನ ಗುರುತುಗಳು ಇನ್ನೂ ಬಲಿತಿರಲಿಕ್ಕಿಲ್ಲ, ಅಥವಾ ತಾಯಿಯ ರೋಗನಿರೋಧಕ ವ್ಯವಸ್ಥೆ ಜಡವಾಗಿರಬಹುದು. ಪ್ರಶ್ನೆ ಅಮೂಲ್ಯವಾದದ್ದು, ಆದರೆ ಮೂರು ಉತ್ತರಗಳೂ ಪೂರ್ತಿ ನಿಲ್ಲಲಿಲ್ಲ.

ಈಗ ತಿಳಿದಿರುವುದು ಇಷ್ಟು. ತಾಯಿಯ ಅಂಗಾಂಶವನ್ನು ನೇರವಾಗಿ ಮುಟ್ಟುವುದು ಮಗುವಲ್ಲ, ಮಾಸಿನ ಹೊರಗಿನ ಟ್ರೋಫೊಬ್ಲಾಸ್ಟ್ ಕೋಶಗಳು. ಅಂಗ ಕಸಿಯಲ್ಲಿ ತಿರಸ್ಕಾರಕ್ಕೆ ಮುಖ್ಯ ಕಾರಣವಾಗುವ ಎಚ್‌ಎಲ್‌ಎ-ಎ ಮತ್ತು ಎಚ್‌ಎಲ್‌ಎ-ಬಿ ಎಂಬ ಗುರುತುಗಳನ್ನು ಇವು ಹೊರಗೆ ತೋರಿಸುವುದೇ ಇಲ್ಲ. ಒಳಪದರದೊಳಕ್ಕೆ ಇಳಿಯುವ ಟ್ರೋಫೊಬ್ಲಾಸ್ಟ್‌ಗಳು ತೋರಿಸುವುದು ಎಚ್‌ಎಲ್‌ಎ-ಸಿ, ಇ ಮತ್ತು ಜಿ ಮಾತ್ರ. ಇವನ್ನು ಓದುವವು ತಾಯಿಯ ಎನ್‌ಕೆ ಕೋಶಗಳು. ಅದರ ಜೊತೆಗೆ ನಿಯಂತ್ರಕ ಟಿ ಕೋಶಗಳು ತಂದೆಯ ಗುರುತುಗಳ ವಿರುದ್ಧದ ಸಿಟ್ಟನ್ನು ತಣಿಸುತ್ತವೆ. ಇಲಿಗಳಲ್ಲಿ ಇನ್ನೊಂದು ಏರ್ಪಾಡು ಪತ್ತೆಯಾಗಿದೆ: ದಾಳಿಕೋರ ಟಿ ಕೋಶಗಳನ್ನು ಕರೆಯುವ ರಾಸಾಯನಿಕಗಳ ಜೀನ್‌ಗಳನ್ನೇ ಡೆಸಿಡುವಾ ಮುಚ್ಚಿಡುತ್ತದೆ.

ಎನ್‌ಕೆ ಕೋಶಗಳು ಭ್ರೂಣವನ್ನು ಕೊಲ್ಲುತ್ತವೆ ಎಂದು ಓದಿದ್ದೇನೆ. ನಿಜವೇ?

ಇಲ್ಲ. ಅತಿ ಹೆಚ್ಚು ಭಯ ಹುಟ್ಟಿಸಿರುವ ತಪ್ಪು ಕಲ್ಪನೆ ಇದು. ರಕ್ತದಲ್ಲಿ ಓಡಾಡುವ ಎನ್‌ಕೆ ಕೋಶಗಳು ವೈರಸ್ ಸೋಂಕಿದ ಕೋಶಗಳನ್ನು ಕೊಲ್ಲುತ್ತವೆ. ಗರ್ಭಕೋಶದ ಎನ್‌ಕೆ ಕೋಶಗಳು ರೂಪದಲ್ಲೂ ನಡತೆಯಲ್ಲೂ ಅವಕ್ಕಿಂತ ಬೇರೆ. ಮಾಮೂಲಿ ಬಸಿರಿನಲ್ಲಿ ಅವು ಟ್ರೋಫೊಬ್ಲಾಸ್ಟ್‌ಗಳನ್ನು ಕೊಲ್ಲುವುದಿಲ್ಲ. ರಕ್ತನಾಳಗಳನ್ನು ಬೆಳೆಸುವ ಮತ್ತು ಸಡಿಲಿಸುವ ರಾಸಾಯನಿಕಗಳನ್ನು ಸುರಿಸುತ್ತವೆ, ಟ್ರೋಫೊಬ್ಲಾಸ್ಟ್‌ಗಳಿಗೆ ದಾರಿ ತೋರುತ್ತವೆ, ಎಷ್ಟು ಆಳಕ್ಕೆ ಇಳಿಯಬೇಕೆಂದು ಹತೋಟಿಯಲ್ಲಿಡುತ್ತವೆ. 2018ರಲ್ಲಿ ಸುಮಾರು 70,000 ಜೀವಕೋಶಗಳನ್ನು ಒಂದೊಂದಾಗಿ ಪರಿಶೀಲಿಸಿದ ಅಧ್ಯಯನವೊಂದು ನೇಚರ್ ಪತ್ರಿಕೆಯಲ್ಲಿ ಬಂತು. ಒಳಪದರದ ಎನ್‌ಕೆ ಕೋಶಗಳಲ್ಲೇ ಮೂರು ಬಗೆಗಳಿವೆ ಎಂದು ಅದು ತೋರಿಸಿತು.

ಪ್ರೀಎಕ್ಲಾಂಪ್ಸಿಯಾದಲ್ಲಿ ಎಲ್ಲಿ ಎಡವಟ್ಟಾಗುತ್ತದೆ?

ಇದಕ್ಕೆ ಸ್ವಲ್ಪ ವಿಸ್ತಾರವಾದ ಉತ್ತರ ಬೇಕು. ಜಗತ್ತಿನಲ್ಲಿ ನೂರು ಬಸಿರುಗಳಲ್ಲಿ 2ರಿಂದ 8ರಷ್ಟನ್ನು ಕಾಡುವ ಕಾಯಿಲೆ ಇದು. ನಮ್ಮಲ್ಲಿ ಹಲವರು ಇದನ್ನು ಬಸಿರಿನ ನಂಜು ಎನ್ನುತ್ತಾರೆ. 20 ವಾರ ಕಳೆದ ಮೇಲೆ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾಗಿ, ಮೂತ್ರದಲ್ಲಿ ಪ್ರೋಟೀನ್ ಕಂಡರೆ, ಇಲ್ಲವೇ ಮೂತ್ರಪಿಂಡ, ಯಕೃತ್ತು, ಮಿದುಳು ಮುಂತಾದವಕ್ಕೆ ತೊಂದರೆಯಾದರೆ ವೈದ್ಯರು ಈ ಹೆಸರು ಹೇಳುತ್ತಾರೆ.

ಲಕ್ಷಣ ಕಾಣುವುದು ಆರು, ಏಳು, ಎಂಟನೆಯ ತಿಂಗಳಲ್ಲಿ. ಬೇರು ಇರುವುದು ಮೊದಲ ನಾಲ್ಕೈದು ತಿಂಗಳಲ್ಲಿ. ಗರ್ಭಕೋಶದ ಒಳಪದರಕ್ಕೆ ರಕ್ತ ತರುವ ಸುರುಳಿ ಅಪಧಮನಿಗಳು ಮೊದಲಿಗೆ ಕಿರಿದಾಗಿ, ಸ್ನಾಯುವಿನ ಗೋಡೆಯಿಂದ ಬಿಗಿಯಾಗಿರುತ್ತವೆ. ಎನ್‌ಕೆ ಕೋಶಗಳು ಮತ್ತು ಮ್ಯಾಕ್ರೊಫೇಜ್‌ಗಳು ಆ ಗೋಡೆಯನ್ನು ಸಡಿಲಗೊಳಿಸಲು ತೊಡಗುತ್ತವೆ. ಬಳಿಕ ಟ್ರೋಫೊಬ್ಲಾಸ್ಟ್‌ಗಳು ಒಳಗೆ ನುಗ್ಗಿ ಸ್ನಾಯುವಿನ ಜಾಗವನ್ನು ತಾವು ಹಿಡಿಯುತ್ತವೆ. ಕೊನೆಗೆ ನಾಳದ ಬಾಯಿ ಅಗಲವಾಗುತ್ತದೆ. ತೂಬು ಅಗಲವಾಗಿದ್ದರೆ ಗದ್ದೆಗೆ ನೀರು ನಿಧಾನವಾಗಿ, ಎಡೆಬಿಡದೆ ಹರಿಯುತ್ತದೆ. ಕಿರಿದಾಗಿದ್ದರೆ ಚಿಮ್ಮಿ ಬಂದು ಬದುವನ್ನೇ ಕೊರೆಯುತ್ತದೆ. ಮಾಸಿನಲ್ಲೂ ಹಾಗೆಯೇ: ಸುರುಳಿ ಅಪಧಮನಿ ಅಗಲವಾಗದಿದ್ದರೆ ರಕ್ತ ಒಮ್ಮೆ ರಭಸದಿಂದ, ಒಮ್ಮೆ ಕಡಿಮೆಯಾಗಿ ಬಂದು ಮಾಸಿನ ಎಳೆಗಳನ್ನು ಹಾಳುಮಾಡುತ್ತದೆ. ಈ ನಾಳಗಳು ಬದಲಾಗದೆ ಉಳಿಯುವುದನ್ನು 1960-70ರ ದಶಕಗಳಲ್ಲೇ ಸೂಕ್ಷ್ಮದರ್ಶಕದ ಕೆಳಗೆ ಕಂಡಿದ್ದರು.

ಎರಡನೆಯ ಹಂತದಲ್ಲಿ ಬಳಲಿದ ಮಾಸು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಅತಿಯಾಗಿ ಬಿಡುತ್ತದೆ. ರಕ್ತನಾಳಗಳ ಆರೋಗ್ಯ ಕಾಯುವ ಅಂಶಗಳನ್ನು ಅದು ಹಿಡಿದು ಕಟ್ಟಿಹಾಕುತ್ತದೆ. ರಕ್ತದೊತ್ತಡ ಏರುವುದು, ಮೂತ್ರದಲ್ಲಿ ಪ್ರೋಟೀನ್ ಸೋರುವುದು ಇದರ ಫಲ. ಈ ಪ್ರೋಟೀನಿನ ಪಾತ್ರವನ್ನು 2003ರಲ್ಲಿ ಹೊರಗೆಡವಿದ ತಂಡದ ಮುಂದಾಳು ಭಾರತ ಮೂಲದ ಮೂತ್ರಪಿಂಡ ತಜ್ಞ ಅನಂತ್ ಕರುಮಂಚಿ. ಈ ಪ್ರೋಟೀನಿಗೂ ಪಿಎಲ್‌ಜಿಎಫ್ ಎಂಬ, ರಕ್ತನಾಳಗಳನ್ನು ಕಾಯುವ ಇನ್ನೊಂದಕ್ಕೂ ಇರುವ ಅನುಪಾತವನ್ನು ಅಳೆಯುವ ರಕ್ತಪರೀಕ್ಷೆ ಅಲ್ಲಿಂದಲೇ ಬಂದದ್ದು. ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಒಂದು ವಾರದಲ್ಲಿ ಪ್ರೀಎಕ್ಲಾಂಪ್ಸಿಯಾ ಬರುವ ಸಾಧ್ಯತೆ ತೀರ ಕಡಿಮೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಹಾಗಾದರೆ ಎನ್‌ಕೆ ಕೋಶಗಳ ಆರ್ಭಟ ಹೆಚ್ಚಾದದ್ದೇ ಕಾರಣವೇ?

ಸಾಕ್ಷ್ಯ ಇದಕ್ಕೆ ವಿರುದ್ಧ ದಿಕ್ಕಿನಲ್ಲಿದೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯವೆನಿಸುವ ಸಂಗತಿಯೂ ಇದೇ. ಕೇಂಬ್ರಿಜ್‌ನ ಆಶ್ಲಿ ಮಾಫೆಟ್ ಅವರ ತಂಡ 2004ರಲ್ಲಿ ತಾಯಿಯ ಎನ್‌ಕೆ ಕೋಶಗಳ ಕೆಐಆರ್ ಎಂಬ ಗ್ರಾಹಕಗಳನ್ನೂ (ಗುರುತುಗಳನ್ನು ಓದಲು ಕೋಶದ ಮೈಮೇಲಿರುವ ಪ್ರೋಟೀನುಗಳು) ಮಗುವಿನ ಎಚ್‌ಎಲ್‌ಎ-ಸಿಯನ್ನೂ ಜೊತೆಗಿಟ್ಟು ನೋಡಿತು. ತಾಯಿಯಲ್ಲಿ ಎನ್‌ಕೆ ಕೋಶಗಳನ್ನು ತಡೆಯುವ ಗ್ರಾಹಕಗಳೇ ಪ್ರಧಾನವಾಗಿದ್ದು, ಮಗುವಿಗೆ ಸಿ2 ಬಗೆಯ ಎಚ್‌ಎಲ್‌ಎ-ಸಿ ಬಂದಿದ್ದರೆ ಪ್ರೀಎಕ್ಲಾಂಪ್ಸಿಯಾದ ಅಪಾಯ ಹೆಚ್ಚು. ಅಂದರೆ ಎನ್‌ಕೆ ಕೋಶಗಳ ಮೇಲೆ ಬ್ರೇಕ್ ಬಲವಾಗಿ ಬಿದ್ದಾಗ ರಕ್ತನಾಳ ಅಗಲವಾಗುವ ಕೆಲಸ ಕುಂಟುತ್ತದೆ. ಅದೇ ತಂಡದ ಮುಂದಿನ ಕೆಲಸದಲ್ಲಿ, ಎನ್‌ಕೆ ಕೋಶಗಳನ್ನು ಚುರುಕುಗೊಳಿಸುವ ಗ್ರಾಹಕ ಇದ್ದ ತಾಯಂದಿರಲ್ಲಿ ಹುಟ್ಟುವ ಮಗುವಿನ ತೂಕ ಹೆಚ್ಚಿನ ಕಡೆಗೆ ವಾಲುವುದು ಕಂಡಿತು.

ಇವೆಲ್ಲ ಜೀನ್‌ಗಳ ಜೋಡಣೆಯ ಮಾತು. ತಾಯಿ ಏನು ತಿಂದಳು, ಏನು ಯೋಚಿಸಿದಳು, ಎಷ್ಟು ಮೆಟ್ಟಿಲು ಹತ್ತಿದಳು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಜೋಡಣೆ ಇದ್ದವರಲ್ಲೂ ಬಹುಪಾಲು ಮಂದಿಗೆ ತೊಡಕಾಗುವುದಿಲ್ಲ.

ಪ್ರೀಎಕ್ಲಾಂಪ್ಸಿಯಾ ಬಂದವರ ಒಳಪದರದಲ್ಲಿ ಬೇರೆ ಬದಲಾವಣೆಗಳೂ ಕಾಣುತ್ತವೆ: ನಿಯಂತ್ರಕ ಟಿ ಕೋಶಗಳು ಕಡಿಮೆ, ಮ್ಯಾಕ್ರೊಫೇಜ್‌ಗಳು ದುರಸ್ತಿ ಬಿಟ್ಟು ಉರಿಯೂತದ ಕಡೆಗೆ ವಾಲಿರುವುದು. ಆದರೆ ಆ ಅಂಗಾಂಶ ಪರೀಕ್ಷೆಗೆ ಸಿಗುವುದು ಹೆರಿಗೆಯ ಹೊತ್ತಿಗೆ. ಅವುಗಳಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಅದರಿಂದಲೇ ಕಷ್ಟ.

ಚೊಚ್ಚಲ ಬಸಿರಿನಲ್ಲೇ ಇದು ಹೆಚ್ಚು ಏಕೆ?

ಒಂದು ಬಲವಾದ ವಿವರಣೆ ರೋಗನಿರೋಧಕ ನೆನಪಿನದು. ಮೊದಲ ಬಸಿರಿನಲ್ಲಿ ತಂದೆಯ ಗುರುತುಗಳನ್ನು ಪರಿಚಯ ಮಾಡಿಕೊಂಡ ನಿಯಂತ್ರಕ ಟಿ ಕೋಶಗಳು ಉಳಿದುಕೊಂಡು, ಎರಡನೆಯದರಲ್ಲಿ ಬೇಗ ಹೆಚ್ಚುತ್ತವೆ. ಇಲಿಗಳಲ್ಲಿ ಇದನ್ನು 2012ರಲ್ಲಿ ತೋರಿಸಲಾಯಿತು. ಮನುಷ್ಯರಲ್ಲಿ, ಬೇರೆಯವರ ಅಂಡಾಣು ಪಡೆದು ಬಸಿರಾದವರಿಗೆ ಅಪಾಯ ಹೆಚ್ಚಿರುವುದು ಇದಕ್ಕೆ ಹೊಂದುತ್ತದೆ, ಏಕೆಂದರೆ ಅಲ್ಲಿ ಮಗುವಿನ ಗುರುತುಗಳಲ್ಲಿ ಅರ್ಧವಲ್ಲ, ಎಲ್ಲವೂ ಹೊಸತಾಗಿರಬಹುದು. ಆದರೆ ನಾರ್ವೆಯ ದೊಡ್ಡ ದಾಖಲೆಗಳನ್ನು ಆಧರಿಸಿ 2002ರಲ್ಲಿ ಬಂದ ಅಧ್ಯಯನ ಇನ್ನೊಂದು ಮಗ್ಗುಲನ್ನು ತೋರಿಸಿತು: ಎರಡು ಹೆರಿಗೆಗಳ ನಡುವೆ ಹತ್ತು ವರ್ಷ ಕಳೆದರೆ ಅಪಾಯ ಚೊಚ್ಚಲಿನಷ್ಟೇ ಆಗುತ್ತದೆ. ಮೊದಲ ಮಗುವಿಗೂ ಎರಡನೆಯದಕ್ಕೂ ದೊಡ್ಡ ಅಂತರವಿದ್ದರೆ ಇದನ್ನು ವೈದ್ಯರಿಗೆ ಮರೆಯದೆ ಹೇಳಿ.

ನನಗೆ ಪದೇ ಪದೇ ಗರ್ಭಪಾತವಾಗಿದೆ. ರೋಗನಿರೋಧಕ ವ್ಯವಸ್ಥೆಯೇ ಕಾರಣವೇ?

ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ, ವಯಸ್ಸು ಹೆಚ್ಚಿದಂತೆ ಇನ್ನೂ ಹೆಚ್ಚಿನವಕ್ಕೆ, ಭ್ರೂಣದ ಕ್ರೋಮೊಸೋಮ್ ದೋಷ ಕಾರಣ. ಅದರಲ್ಲಿ ಒಳಪದರದ ಪಾತ್ರವಿಲ್ಲ. ಗರ್ಭಪಾತವಾದ ಕೆಲವರ ಒಳಪದರದಲ್ಲಿ ನಿಯಂತ್ರಕ ಟಿ ಕೋಶಗಳು ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ, ಆದರೆ ಅದನ್ನು ಆಧರಿಸಿದ, ಸಾಬೀತಾದ ಚಿಕಿತ್ಸೆ ಸದ್ಯಕ್ಕಿಲ್ಲ.

ರೋಗನಿರೋಧಕ ವ್ಯವಸ್ಥೆಗೆ ಸೇರಿದ, ಪರೀಕ್ಷಿಸಲೇಬೇಕಾದ ಕಾರಣ ಒಂದಿದೆ: ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಇದರಲ್ಲಿ ತಾಯಿಯ ರಕ್ತದಲ್ಲಿರುವ ಕೆಲವು ಪ್ರತಿಕಾಯಗಳು ಮಾಸಿನ ಬೆಳವಣಿಗೆಯನ್ನು ಕೆಡಿಸುತ್ತವೆ, ರಕ್ತ ಹೆಪ್ಪುಗಟ್ಟಿಸುತ್ತವೆ. ಒಂದೇ ಪರೀಕ್ಷೆ ಸಾಲದು, ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಖಚಿತವಾದರೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು ಕೊಡುತ್ತಾರೆ, ಹಲವರ ಮಡಿಲು ಇದರಿಂದ ತುಂಬಿದೆ. ಎರಡು ಮೂರು ಸಲ ಕಳೆದುಕೊಂಡ ಮೇಲೂ ಈ ಪರೀಕ್ಷೆ ಮಾಡಿಸದೆ, ಹರಕೆ ಹೊತ್ತು ಕಾಯುತ್ತ ಕುಳಿತ ಕುಟುಂಬಗಳಿವೆ ಎಂಬುದು ಬೇಸರದ ಸಂಗತಿ. ಹರಕೆ ಹೊರಲಿ, ಪರೀಕ್ಷೆಯೂ ಆಗಲಿ.

ಹಿಂದೆ ಗರ್ಭಪಾತವಾಗಿದ್ದು, ಈಗಿನ ಬಸಿರಿನ ಆರಂಭದಲ್ಲಿ ರಕ್ತಸ್ರಾವ ಕಂಡವರಿಗೆ ಪ್ರೊಜೆಸ್ಟರಾನ್ ನೆರವಾಗಬಹುದು ಎಂಬುದಕ್ಕೆ 2019ರ ಬ್ರಿಟನ್ನಿನ ಪ್ರಿಸಂ ಪ್ರಯೋಗದಲ್ಲಿ ಆಧಾರ ಸಿಕ್ಕಿದೆ.

ರಕ್ತದಲ್ಲಿ ಎನ್‌ಕೆ ಕೋಶಗಳ ಸಂಖ್ಯೆ ನೋಡುವ ಪರೀಕ್ಷೆ ಮಾಡಿಸಬೇಕೇ?

ಬೇಡ. ರಕ್ತದ ಎನ್‌ಕೆ ಕೋಶಗಳ ಎಣಿಕೆ ಗರ್ಭಕೋಶದೊಳಗಿನ ಸ್ಥಿತಿಯನ್ನು ಹೇಳುವುದಿಲ್ಲ.

ಗಂಡನ ರಕ್ತಕಣಗಳ ಚುಚ್ಚುಮದ್ದು, ಇಂಟ್ರಾಲಿಪಿಡ್ ಡ್ರಿಪ್, ಸ್ಟೆರಾಯ್ಡ್ ಇವುಗಳಿಂದ ಬಸಿರು ನಿಲ್ಲುತ್ತದೆಯೇ?

ಗಂಡನ ಬಿಳಿ ರಕ್ತಕಣಗಳನ್ನು ಹೆಂಡತಿಗೆ ಚುಚ್ಚುವ ಚಿಕಿತ್ಸೆ 1980ರ ದಶಕದಲ್ಲಿ ಭರವಸೆ ಹುಟ್ಟಿಸಿತ್ತು. 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಪ್ರಯೋಗದಲ್ಲಿ ಚಿಕಿತ್ಸೆ ಪಡೆದವರಿಗೆ ಲಾಭವಾಗಲಿಲ್ಲ, ಬಸಿರು ನಿಂತ ಪ್ರಮಾಣ ಚಿಕಿತ್ಸೆ ಪಡೆಯದವರಿಗಿಂತ ಕಡಿಮೆಯೇ ಇತ್ತು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಇದನ್ನು ಅನುಮತಿ ಪಡೆದ ಸಂಶೋಧನೆಯಲ್ಲಿ ಬಿಟ್ಟು ಬೇರೆಲ್ಲೂ ಮಾಡಬಾರದು ಎಂದಿತು. ಇಷ್ಟಾದರೂ ಇದನ್ನು ಇಂದಿಗೂ ಮಾರುವವರಿದ್ದಾರೆ. ಇದು ಒಬ್ಬರ ರಕ್ತದ ಅಂಶ ಇನ್ನೊಬ್ಬರೊಳಕ್ಕೆ ಹೋಗುವ ಚಿಕಿತ್ಸೆ, ಸೋಂಕಿನ ಅಪಾಯವೂ ಅದರ ಜೊತೆಗಿದೆ.

ಇಂಟ್ರಾಲಿಪಿಡ್ ಸೋಯಾ ಎಣ್ಣೆ ಮತ್ತು ಮೊಟ್ಟೆಯ ಕೊಬ್ಬಿನಿಂದ ತಯಾರಿಸಿದ ದ್ರವ. ಬಾಯಿಂದ ಊಟ ಮಾಡಲಾಗದ ರೋಗಿಗಳಿಗೆ ಪೋಷಣೆ ಕೊಡಲು ಬಂದದ್ದು. ಸ್ಟೆರಾಯ್ಡ್‌ಗಳಿಂದ ಸಕ್ಕರೆ, ರಕ್ತದೊತ್ತಡ ಏರಬಹುದು. ಕಾರಣ ತಿಳಿಯದ ಗರ್ಭಪಾತಕ್ಕೆ ಇವೆರಡನ್ನೂ ವಾಡಿಕೆಯಾಗಿ ಕೊಡಲು ತಕ್ಕ ಆಧಾರವಿಲ್ಲ. ಎನ್‌ಕೆ ಕೋಶಗಳು ಸಾಕಷ್ಟು ಕೆಲಸ ಮಾಡದಿರುವುದೇ ತೊಡಕಾಗಿರುವ ಕಡೆ ಅವುಗಳನ್ನು ಇನ್ನಷ್ಟು ಅದುಮುವುದರಲ್ಲಿ ಅರ್ಥವೂ ಇಲ್ಲ. ಸಾಲ ಮಾಡಿ, ಒಡವೆ ಅಡವಿಟ್ಟು ಇಂಥ ಚಿಕಿತ್ಸೆಗೆ ಹೋಗುವ ಮೊದಲು ವೈದ್ಯರನ್ನು ನೇರವಾಗಿ ಕೇಳಿ: “ನನ್ನಂಥವರ ಮೇಲೆ ನಡೆದ ಪ್ರಯೋಗದಲ್ಲಿ ಇದರಿಂದ ಮಗು ಹುಟ್ಟುವ ಪ್ರಮಾಣ ಹೆಚ್ಚಾಗಿದೆಯೇ?” ಇದನ್ನು ಕೇಳುವುದು ಅಗೌರವವಲ್ಲ.

ನಮ್ಮದು ಸೋದರಿಕೆಯ ಮದುವೆ. ಗಂಡನ ಮತ್ತು ನನ್ನ ಗುರುತುಗಳು ಒಂದೇ ಆಗಿರುವುದರಿಂದ ಬಸಿರು ನಿಲ್ಲುತ್ತಿಲ್ಲವೇ?

ಗಂಡ ಹೆಂಡತಿಯರ ಎಚ್‌ಎಲ್‌ಎ ಹೋಲಿದರೆ ತಾಯಿಯ ದೇಹ ಬೇಕಾದ ರಕ್ಷಣೆ ಕೊಡುವುದಿಲ್ಲ ಎಂಬ ವಾದವೊಂದಿತ್ತು. ಮೇಲೆ ಹೇಳಿದ ರಕ್ತಕಣಗಳ ಚಿಕಿತ್ಸೆ ನಿಂತಿದ್ದೂ ಅದರ ಮೇಲೆಯೇ. ಇಂದು ಎಚ್‌ಎಲ್‌ಎ ಹೋಲಿಕೆ ನೋಡಿ ಚಿಕಿತ್ಸೆ ನಿರ್ಧರಿಸುವುದಕ್ಕೆ ಆಧಾರವಿಲ್ಲ. ಅಕ್ಕನ ಮಗಳು, ಅತ್ತೆಯ ಮಗ, ಮಾವನ ಮಗಳು ಎಂಬ ಸಂಬಂಧಗಳಲ್ಲಿ ನಿಜವಾಗಿ ಗಮನಿಸಬೇಕಾದದ್ದು ಇಬ್ಬರಲ್ಲೂ ಅಡಗಿರುವ ಒಂದೇ ದೋಷಯುಕ್ತ ಜೀನ್ ಮಗುವಿನಲ್ಲಿ ಕೂಡುವ ಸಾಧ್ಯತೆ. ಅದಕ್ಕೆ ತಳಿವಿಜ್ಞಾನದ ಸಲಹೆ ಪಡೆಯಬಹುದು.

ದಿನ ತುಂಬುವ ಮೊದಲೇ ಹೆರಿಗೆಯಾಗುವುದಕ್ಕೂ ಈ ಪದರಕ್ಕೂ ಏನು ಸಂಬಂಧ?

ದಿನ ತುಂಬಿದಾಗ ಹೆರಿಗೆ ಶುರುವಾಗುವುದರಲ್ಲೂ ಉರಿಯೂತದ ಸಂಕೇತಗಳ ಪಾತ್ರವಿದೆ. 37 ವಾರಕ್ಕೆ ಮೊದಲು ಅದೇ ಸಂಕೇತ ಎದ್ದರೆ ಅವಧಿಪೂರ್ವ ಹೆರಿಗೆಯಾಗುತ್ತದೆ. ಯೋನಿಯಿಂದ ಮೇಲೇರಿದ ಬ್ಯಾಕ್ಟೀರಿಯಾಗಳನ್ನು ಒಳಪದರ ಮತ್ತು ನೀರಿನ ಚೀಲದ ಪೊರೆಗಳು ಗುರುತಿಸಿದಾಗ ತಾಯಿಯ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ, ಪ್ರೊಸ್ಟಾಗ್ಲಾಂಡಿನ್‌ಗಳು ಹೆಚ್ಚುತ್ತವೆ, ಗರ್ಭಕೋಶ ಬಿಗಿಯುತ್ತದೆ, ಪೊರೆ ಹರಿದು ನೀರು ಹೋಗುತ್ತದೆ. ಇಲ್ಲಿ ರೋಗನಿರೋಧಕ ವ್ಯವಸ್ಥೆ ತಾಯಿಯ ಜೀವ ಕಾಯಲು ನಿಂತಿರುತ್ತದೆ, ಬೆಲೆ ತೆರುವುದು ಮಗು. ಎಲ್ಲ ಅವಧಿಪೂರ್ವ ಹೆರಿಗೆಗಳೂ ಸೋಂಕಿನಿಂದ ಆಗುವುದಿಲ್ಲ. ಆದರೂ ಉರಿಮೂತ್ರ, ದುರ್ವಾಸನೆಯ ಬಿಳುಪು, ಜ್ವರ ಕಂಡರೆ ಸಂಕೋಚಪಟ್ಟು ಮುಚ್ಚಿಡಬೇಡಿ.

ಸಿಸೇರಿಯನ್ ಆದವರಲ್ಲಿ ಮಾಸು ಅಂಟಿಕೊಳ್ಳುತ್ತದೆ ಎನ್ನುತ್ತಾರಲ್ಲ?

ಒಳಪದರ ಎಷ್ಟು ಮುಖ್ಯ ಎಂಬುದನ್ನು ಈ ತೊಡಕು ಚೆನ್ನಾಗಿ ತೋರಿಸುತ್ತದೆ. ಹಳೆಯ ಹೊಲಿಗೆಯ ಕಲೆಯಿರುವ ಜಾಗದಲ್ಲಿ ಡೆಸಿಡುವಾ ಸರಿಯಾಗಿ ಬೆಳೆಯುವುದಿಲ್ಲ. ಮಾಸು ಅಲ್ಲೇ ಕೂತರೆ ತಡೆಯುವವರಿಲ್ಲದೆ ಟ್ರೋಫೊಬ್ಲಾಸ್ಟ್‌ಗಳು ಗರ್ಭಕೋಶದ ಸ್ನಾಯುವಿನೊಳಕ್ಕೇ ಇಳಿಯುತ್ತವೆ. ಹೆರಿಗೆಯಲ್ಲಿ ಮಾಸು ಬಿಡದೆ ವಿಪರೀತ ರಕ್ತಸ್ರಾವವಾಗಬಹುದು. ಸಿಸೇರಿಯನ್‌ಗಳ ಸಂಖ್ಯೆ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಹಿಂದೆ ಸಿಸೇರಿಯನ್ ಆಗಿದ್ದು ಈ ಸಲ ಮಾಸು ಕೆಳಗಿದೆ ಎಂದು ಸ್ಕ್ಯಾನ್ ಹೇಳಿದರೆ, ರಕ್ತನಿಧಿ ಇರುವ ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆಗೆ ಏರ್ಪಾಡು ಮಾಡಿಕೊಳ್ಳಿ.

ಲೂಪಸ್, ಸಂಧಿವಾತ ಇದ್ದವರು ಬಸಿರಾಗಬಹುದೇ?

ಆಗಬಹುದು, ಯೋಜನೆ ಮಾಡಿಕೊಂಡು. ಇವು ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆಗಳು. ಸಂಧಿವಾತ ಬಸಿರಿನಲ್ಲಿ ಹಲವರಿಗೆ ತಗ್ಗುತ್ತದೆ. ಲೂಪಸ್ ಕೆಲವೊಮ್ಮೆ ಕೆರಳುತ್ತದೆ, ಪ್ರೀಎಕ್ಲಾಂಪ್ಸಿಯಾದ ಅಪಾಯವನ್ನೂ ಹೆಚ್ಚಿಸುತ್ತದೆ. ರೋಗ ಹತೋಟಿಯಲ್ಲಿದ್ದಾಗ ಬಸಿರಾಗುವುದು ಒಳ್ಳೆಯದು. ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಬಸಿರಿನಲ್ಲೂ ಮುಂದುವರಿಸುವುದು ವಾಡಿಕೆ. ಹೆದರಿ ನೀವಾಗಿ ನಿಲ್ಲಿಸಬೇಡಿ.

ಪ್ರೀಎಕ್ಲಾಂಪ್ಸಿಯಾ ತಡೆಯಲು ನಿಜವಾಗಿ ಕೆಲಸ ಮಾಡುವುದು ಯಾವುದು?

ಕಡಿಮೆ ಪ್ರಮಾಣದ ಆಸ್ಪಿರಿನ್, ಹೆಚ್ಚು ಅಪಾಯವಿರುವವರಿಗೆ. 2017ರ ಆಸ್ಪ್ರೀ ಪ್ರಯೋಗದಲ್ಲಿ 11ರಿಂದ 14 ವಾರಗಳ ನಡುವೆ ಶುರುಮಾಡಿ 36 ವಾರದವರೆಗೆ ರಾತ್ರಿ 150 ಮಿಲಿಗ್ರಾಂ ಕೊಟ್ಟಾಗ, 37 ವಾರಕ್ಕೆ ಮೊದಲು ಬರುವ ಪ್ರೀಎಕ್ಲಾಂಪ್ಸಿಯಾ 4.3 ಶೇಕಡದಿಂದ 1.6 ಶೇಕಡಕ್ಕೆ ಇಳಿಯಿತು. ರಕ್ತನಾಳಗಳು ಇನ್ನೂ ಬದಲಾಗುತ್ತಿರುವ ಹೊತ್ತಿನಲ್ಲೇ ಶುರುಮಾಡಬೇಕು, ತಡವಾದರೆ ಲಾಭ ಕಡಿಮೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಪಾಲ್ಗೊಂಡಿದ್ದ ಆರು ದೇಶಗಳ ಪ್ರಯೋಗವೊಂದು 2020ರಲ್ಲಿ ಪ್ರಕಟವಾಯಿತು. ಚೊಚ್ಚಲ ಬಸುರಿಯರಿಗೆ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ ಅವಧಿಪೂರ್ವ ಹೆರಿಗೆ 13.1 ಶೇಕಡದಿಂದ 11.6ಕ್ಕೆ ಇಳಿದಿತ್ತು. ಆಸ್ಪಿರಿನ್ ಅಗ್ಗದ ಮಾತ್ರೆ ಎಂದು ನೀವೇ ಅಂಗಡಿಯಿಂದ ತಂದು ನುಂಗಬೇಡಿ, ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ವೈದ್ಯರು ಹೇಳಬೇಕು.

ಇನ್ನೊಂದು ಕ್ಯಾಲ್ಸಿಯಂ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ದಿನಕ್ಕೆ 1.5ರಿಂದ 2 ಗ್ರಾಂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ದೊಡ್ಡ ಮಾತ್ರೆಗಳನ್ನು ದಿನಕ್ಕೆ ಮೂರು ಸಲ ನುಂಗುವುದು ವಾಂತಿಯಿಂದ ಬಳಲುವವರಿಗೆ ಸುಲಭವಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ 11,000 ಚೊಚ್ಚಲ ಬಸುರಿಯರೊಂದಿಗೆ ನಡೆಸಿದ ಪ್ರಯೋಗ 2024ರಲ್ಲಿ ಪ್ರಕಟವಾಯಿತು: ದಿನಕ್ಕೆ 500 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಪ್ರೀಎಕ್ಲಾಂಪ್ಸಿಯಾ 3.0 ಶೇಕಡ, 1,500 ಮಿಲಿಗ್ರಾಂ ತೆಗೆದುಕೊಂಡವರಲ್ಲಿ 3.6 ಶೇಕಡ. ಟಾಂಜಾನಿಯಾದಲ್ಲಿ ನಡೆದ ಜೋಡಿ ಪ್ರಯೋಗದಲ್ಲೂ ಕಡಿಮೆ ಪ್ರಮಾಣ ಹಿಂದೆ ಬೀಳಲಿಲ್ಲ. ನಮ್ಮ ನೆಲದಲ್ಲಿ ನಡೆದು ಜಗತ್ತಿನ ಬಸುರಿಯರಿಗೆ ಉಪಕಾರವಾಗುವ ಈ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ಅಂದಹಾಗೆ, ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಯನ್ನು ಒಟ್ಟಿಗೆ ತೆಗೆದುಕೊಳ್ಳಬೇಡಿ, ನಡುವೆ ಕೆಲವು ಗಂಟೆ ಬಿಡಿ.

ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯ, ಪುಡಿ ಕುಡಿದರೆ ಒಳ್ಳೆಯದೇ?

ಒಳಪದರದ ಈ ಸೂಕ್ಷ್ಮ ಏರ್ಪಾಡನ್ನು ಸರಿಪಡಿಸುವ ಕಷಾಯವಾಗಲಿ ಪುಡಿಯಾಗಲಿ ಇಲ್ಲ. ರಾಗಿ, ಸೊಪ್ಪು, ಕಾಳು, ಹಾಲು, ಮೊಟ್ಟೆ ಇರುವ ಊಟ ಮಾಡಿ. ಲಸಿಕೆಗಳು ಈ ಏರ್ಪಾಡನ್ನು ಕೆಡಿಸುತ್ತವೆ ಎಂಬ ಭಯವೂ ಬೇಡ. ಧನುರ್ವಾಯು-ಡಿಫ್ತೀರಿಯಾ ಲಸಿಕೆಯಿಂದ ತಾಯಿಯಲ್ಲಿ ಹುಟ್ಟುವ ಪ್ರತಿಕಾಯಗಳು ಮಾಸನ್ನು ದಾಟಿ ಮಗುವನ್ನೂ ಕಾಯುತ್ತವೆ.

ಯಾವ ಲಕ್ಷಣ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು?

ಬಿಡದ ತಲೆಸಿಡಿತ, ಕಣ್ಣು ಮಂಜಾಗುವುದು ಅಥವಾ ಕಣ್ಣ ಮುಂದೆ ಮಿಂಚು, ಪಕ್ಕೆಲುಬಿನ ಕೆಳಗೆ ಮೇಲ್ಹೊಟ್ಟೆಯಲ್ಲಿ ನೋವು, ಮುಖ ಮತ್ತು ಕೈ ಇದ್ದಕ್ಕಿದ್ದಂತೆ ಊದುವುದು, ಉಸಿರಾಟದ ತೊಂದರೆ, ಮಗುವಿನ ಚಲನೆ ಕಡಿಮೆಯಾಗುವುದು, ರಕ್ತಸ್ರಾವ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ರಕ್ತದೊತ್ತಡ 160/110 ತಲುಪಿದರೆ ಅದು ತುರ್ತು ಸ್ಥಿತಿ. ಪ್ರೀಎಕ್ಲಾಂಪ್ಸಿಯಾ ಉಲ್ಬಣಿಸಿದಾಗ ಬರಬಹುದಾದ ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಎಂಬ ಔಷಧ ಇದೆ. 2002ರಲ್ಲಿ ಪ್ರಕಟವಾದ, 33 ದೇಶಗಳ ಮ್ಯಾಗ್‌ಪೈ ಪ್ರಯೋಗದಲ್ಲಿ ಅದು ಫಿಟ್ಸ್‌ನ ಅಪಾಯವನ್ನು ಅರ್ಧಕ್ಕಿಂತಲೂ ಕೆಳಗೆ ಇಳಿಸಿತು.

ಬಸುರಿಗೆ ಕಾಲು ಊದುವುದು ಸಹಜ, ಎಲ್ಲ ಊತವೂ ನಂಜಲ್ಲ. ಊತವೇ ಇಲ್ಲದೆಯೂ ರಕ್ತದೊತ್ತಡ ಏರಬಹುದು. ಪ್ರತಿ ಭೇಟಿಯಲ್ಲೂ ರಕ್ತದೊತ್ತಡ ನೋಡಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪ್ರತಿ ತಿಂಗಳ 9ರಂದು ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ.

ಒಮ್ಮೆ ತೊಡಕಾದರೆ ಮುಂದಿನ ಬಸಿರಿನಲ್ಲೂ ಆಗುತ್ತದೆಯೇ?

ಅಪಾಯ ಹೆಚ್ಚು, ಆದರೆ ಬಹುಪಾಲು ಮಂದಿಗೆ ಮತ್ತೆ ಬರುವುದಿಲ್ಲ. ಮತ್ತೆ ಬಂದರೂ ಸಾಮಾನ್ಯವಾಗಿ ಮೊದಲಿಗಿಂತ ತಡವಾಗಿ, ಸೌಮ್ಯವಾಗಿ ಬರುತ್ತದೆ. ಒಂದಕ್ಕಿಂತ ಹೆಚ್ಚು ಸಲ ಬಸಿರಾದವರ ಒಳಪದರದ ಎನ್‌ಕೆ ಕೋಶಗಳಲ್ಲಿ ರಕ್ತನಾಳ ಬೆಳೆಸುವ ಅಂಶಗಳನ್ನು ಹೆಚ್ಚು ಸುರಿಸುವ ಗುಂಪೊಂದನ್ನು ವಿಜ್ಞಾನಿಗಳು 2018ರಲ್ಲಿ ಗುರುತಿಸಿದರು. ಈ ಪದರ ಹಿಂದಿನ ಬಸಿರಿನಿಂದ ಕಲಿಯುತ್ತದೆ ಎಂಬುದರ ಸುಳಿವು ಅದು.

ಮುಂದಿನ ಬಸಿರಿಗೆ ಮೊದಲೇ ಹಳೆಯ ಚೀಟಿ, ಸ್ಕ್ಯಾನ್ ವರದಿ, ಮಾಸಿನ ಪರೀಕ್ಷೆ ಆಗಿದ್ದರೆ ಅದರ ವರದಿ ಎಲ್ಲವನ್ನೂ ವೈದ್ಯರಿಗೆ ತೋರಿಸಿ, 12 ವಾರ ತುಂಬುವುದರೊಳಗೆ ಹೆಸರು ನೋಂದಾಯಿಸಿ. ಮತ್ತೆ ಬಸಿರಾಗುವ ಯೋಚನೆ ಇಲ್ಲದವರಿಗೂ ಒಂದು ಕೆಲಸವಿದೆ. ಪ್ರೀಎಕ್ಲಾಂಪ್ಸಿಯಾ ಬಂದವರಿಗೆ ಮುಂದೆ ಹೃದ್ರೋಗದ ಅಪಾಯ ಸುಮಾರು ಎರಡು ಪಟ್ಟು. ಬಾಣಂತನ ಮುಗಿಯುವ ಹೊತ್ತಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ನೋಡಿಸಿಕೊಳ್ಳಿ.